‘ಅಂದ್’ ಎಂದರೆ ಹೌದು, ಸರ್

ನಿವೃತ್ತನಾದಾಗ ನನಗೆ ಮೂವತ್ತಾರು ವರ್ಷ. ಬೀಳ್ಕೊಡುಗೆಯಲ್ಲಿ ಶಾಲು ಹೊದೆಸಲಿಲ್ಲ. ಮಸ್ಕತ್ತಿನ ಸೆಕೆಯಲ್ಲಿ ಶಾಲು ಹೊದೆಸಿದರೆ ಅದು ಸನ್ಮಾನವಾಗುವುದಿಲ್ಲ, ಕೊಲೆಯತ್ನವಾಗುತ್ತದೆ. ಎರಡು ಸಮೋಸ, ಒಂದು ಕರಕ್ ಚಹಾ, ಮತ್ತು ನಮ್ಮ ಮ್ಯಾನೇಜರ್ ಡೆನಿಸ್ ಸರ್ ಮಾಡಿದ ಒಂದೇ ವಾಕ್ಯದ ಭಾಷಣ: “ಪುತಾ, ಡ್ರಾಯರಿನ ಕೀ ಕೊಟ್ಟು ಹೋಗು.” ಪುತಾ ಎಂದರೆ ಕೊಂಕಣಿಯಲ್ಲಿ ಮಗನೇ ಎಂದು. ಮಗನನ್ನು ಮನೆಯಿಂದ ಹೊರಗೆ ಹಾಕುವಾಗಲೂ ಅವರು ಮಗನೇ ಎಂದೇ ಕರೆಯುತ್ತಾರೆ, ಅಷ್ಟು ಒಳ್ಳೆಯ ಮನುಷ್ಯ. ‘ನಿವೃತ್ತಿ’ ಎಂಬ ಪದ ನಾನೇ ಇಟ್ಟುಕೊಂಡದ್ದು. ಕಾಗದದಲ್ಲಿ ಬೇರೆ ಪದ ಇತ್ತು. ಹನ್ನೊಂದು ವರ್ಷ ಅನುವಾದಕನಾಗಿದ್ದವನಿಗೆ ಆ ಒಂದು ಪದವನ್ನು ಸ್ವಲ್ಪ ಮೆತ್ತಗೆ ಅನುವಾದಿಸಿಕೊಳ್ಳುವ ಹಕ್ಕಿಲ್ಲವೇ?

ಈ ಕೆಲಸಕ್ಕೆ ಹೊಸದಾಗಿ ಬರುವ ತಮ್ಮ ತಂಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬಡ್ತಿಗಳ ವಿಷಯ ಬಿಟ್ಟುಬಿಡುತ್ತೇನೆ. ಒಂದು ಸಲ ‘ಅನುವಾದಕ’ ಇದ್ದದ್ದು ‘ಹಿರಿಯ ಅನುವಾದಕ’ ಆಯಿತು. ಕುರ್ಚಿ ಅದೇ, ಅದರ ಮುರಿದ ಕೈಯೂ ಅದೇ.

ನಾನಿದ್ದದ್ದು ಮಸ್ಕತ್ತಿನ ಅಲ್ ಖೌದ್‌ನ ಒಂದು ಖಾಸಗಿ ಕೌಶಲ್ಯ ಪರೀಕ್ಷಾ ಕೇಂದ್ರದಲ್ಲಿ. ಕೆಳಗೆ ಫೋಟೋಕಾಪಿ ಅಂಗಡಿ, ಮೇಲೆ ನಾವು. ಎಸಿ ಮೆಕ್ಯಾನಿಕ್, ಎಲೆಕ್ಟ್ರಿಷಿಯನ್, ವೆಲ್ಡರ್, ಪ್ಲಂಬರ್, ಇವರೆಲ್ಲ ಇಪ್ಪತ್ತು ವರ್ಷ ಮಾಡಿದ ಕೆಲಸ ತಮಗೆ ಗೊತ್ತಿದೆಯೆಂದು ಅರ್ಧ ಗಂಟೆಯಲ್ಲಿ ಸಾಬೀತುಪಡಿಸಲು ಬರುವ ಜಾಗ. ಪರೀಕ್ಷಕರು ಇಂಗ್ಲಿಷಿನಲ್ಲಿ ಕೇಳುತ್ತಾರೆ. ನಾನು ಅದನ್ನು ತುಳುವಿಗೋ ಕನ್ನಡಕ್ಕೋ ಹಿಂದಿಗೋ ಇಳಿಸಿ, ಬಂದ ಉತ್ತರವನ್ನು ಮತ್ತೆ ಇಂಗ್ಲಿಷಿಗೆ ಏರಿಸಬೇಕು. ಈ ಕೆಲಸ ನನಗೆ ಸಿಕ್ಕಿದ್ದು ಡಿಗ್ರಿಯಿಂದಲ್ಲ, ಮಿಮಿಕ್ರಿಯಿಂದ. ಸಂದರ್ಶನದ ದಿನ ಡೆನಿಸ್ ಸರ್ ಫೋನಿನಲ್ಲಿ ಮಾತಾಡುತ್ತಿದ್ದರು. ಹೊರಗೆ ಕೂತ ನಾನು ಪಕ್ಕದವನಿಗೆ ಅವರ ದನಿಯನ್ನೇ ಮಾಡಿ ತೋರಿಸುತ್ತಿದ್ದೆ. ಅವರು ಬಾಗಿಲಲ್ಲಿ ಬಂದು ನಿಂತದ್ದು ನನಗೆ ಗೊತ್ತಾಗಲಿಲ್ಲ. “ಇಷ್ಟು ಚೆನ್ನಾಗಿ ಕೇಳಿಸಿಕೊಳ್ಳುವವ ಅನುವಾದ ಮಾಡಿಯಾನು” ಎಂದು ತೆಗೆದುಕೊಂಡರು. ಕೇಳಿಸಿಕೊಳ್ಳುವುದಕ್ಕೂ ಅರ್ಥ ಮಾಡಿಕೊಳ್ಳುವುದಕ್ಕೂ ಇರುವ ಅಂತರ ಮೊದಲ ತಿಂಗಳಲ್ಲೇ ಬಯಲಾಯಿತು.

ಪರೀಕ್ಷಕರು ಬಂಟ್ವಾಳದ ಒಬ್ಬ ಎಸಿ ಮೆಕ್ಯಾನಿಕ್‌ಗೆ, “ಹೌ ಡು ಯು ಚಾರ್ಜ್?” ಎಂದು ಕೇಳಿದರು. ನಾನು ಠೀವಿಯಿಂದ, “ಗಿರಾಕಿಗಳಿಗೆ ನೀವು ಹೇಗೆ ಚಾರ್ಜ್ ಮಾಡ್ತೀರಿ ಅಂತ ಕೇಳ್ತಿದ್ದಾರೆ” ಎಂದೆ. ಆತ ಆಚೀಚೆ ನೋಡಿ, ದನಿ ತಗ್ಗಿಸಿ, “ಫ್ಲ್ಯಾಟಿನವರಿಗೆ ಐದು, ವಿಲ್ಲಾದವರಿಗೆ ಹತ್ತು. ಕಂಪನಿಗೆ ಹೇಳ್ಬೇಡಿ” ಎಂದ. ಪರೀಕ್ಷಕರಿಗೆ ಬೇಕಾಗಿದ್ದದ್ದು ಗ್ಯಾಸ್ ತುಂಬುವಾಗಿನ ಒತ್ತಡದ ಲೆಕ್ಕ. ನಾನು ‘ಟೆನ್’ ಎಂದಷ್ಟೇ ದಾಟಿಸಿದ್ದನ್ನು ಹಾಗೇ ಬರೆದುಕೊಂಡರು. ಹತ್ತರ ಒತ್ತಡಕ್ಕೆ ಎಸಿ ಅಲ್ಲ, ಸೈಕಲ್ ಟಯರು ಕೂಡ ಉಬ್ಬುವುದಿಲ್ಲ. ಅವನು ಫೇಲ್. ನನಗೆ ಆ ತಿಂಗಳೂ ಪೂರ್ತಿ ಸಂಬಳ.

ಆಮೇಲೆ ನಾನು ಅಂಗಡಿ ಅಂಗಡಿ ತಿರುಗಿ, ಯಾವ ಉಪಕರಣಕ್ಕೆ ಯಾವ ಊರಿನವರು ಏನೆನ್ನುತ್ತಾರೆಂದು ಬರೆದುಕೊಂಡೆ. ಸ್ಪ್ಯಾನರ್ ಎಂದರೆ ತಲೆ ಕೆರೆಯುವವರು ಪಾನ ಎಂದರೆ ಕೈಗೇ ತಂದು ಕೊಡುತ್ತಾರೆ. ನೀವೂ ಹಾಗೇ ಮಾಡಿ. ನಿಘಂಟು ಆಮೇಲೆ ಕೊಳ್ಳಿ.

ಡೆನಿಸ್ ಸರ್‌ಗೆ ಒಂದು ಸ್ಲೈಡ್ ಇತ್ತು. ಪ್ರತಿ ತಂಡಕ್ಕೂ ಪರೀಕ್ಷೆಗೆ ಮೊದಲು ಅದನ್ನು ತೋರಿಸುತ್ತಿದ್ದರು: ‘ಹ್ಯೂಮನ್ ಕ್ಯಾಪಿಟಲ್’. ಕೆಳಗೆ ಟೋಪಿ ಹಾಕಿದ ಮನುಷ್ಯ, ಅವನ ತಲೆಯಿಂದ ಮೇಲೇರುವ ಬಾಣ. “ನಿಮ್ಮ ಕಲಿಕೆಯೇ ನಿಮ್ಮ ಬಂಡವಾಳ. ಎಷ್ಟು ಕಲಿಯುತ್ತೀರೋ ಅಷ್ಟು ಬೆಲೆ” ಎಂದು ಅವರು ಗಂಟಲು ತುಂಬಿ ಹೇಳುವಾಗ ನಾನು ಹಿಂದೆ ನಿಂತು ತುಟಿ ಆಡಿಸುತ್ತಿದ್ದೆ. ಒಮ್ಮೆ ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬರು ಕೈ ಎತ್ತಿದರು.

“ಸರ್, ಒಮಾನಿನ ಕ್ಯಾಪಿಟಲ್ ಮಸ್ಕತ್. ಈ ಹ್ಯೂಮನ್ ಯಾವ ದೇಶ?”

ಇಡೀ ಕೋಣೆ ನಕ್ಕಿತು. ಕೇಳಿದವರು ಮಾತ್ರ ನಗಲಿಲ್ಲ. ಅವರು ನಿಜವಾಗಿ ಕೇಳಿದ್ದು. ಅವರೇ ಸಂಜೀವಣ್ಣ. ಪಡುಬಿದ್ರಿ ಕಡೆಯವರು, ಇಪ್ಪತ್ತಾರು ವರ್ಷದಿಂದ ಎಸಿ ಮತ್ತು ಕೋಲ್ಡ್ ಸ್ಟೋರೇಜ್ ಮೆಕ್ಯಾನಿಕ್. ಮಸ್ಕತ್ತಿನ ರೂವಿಯಿಂದ ದೂರದ ಖಸಬ್‌ನ ಮೀನಿನ ಗೋದಾಮಿನವರೆಗೆ ಯಾವ ಯಂತ್ರ ಕೆಟ್ಟರೂ ಅವರಿಗೇ ಫೋನು. ಅವರ ಕಂಪನಿ ಹೊಸದಾಗಿ ಒಂದು ನಿಯಮ ಮಾಡಿತ್ತು: ನಮ್ಮ ಪ್ರಮಾಣಪತ್ರವಿಲ್ಲದ ಮೆಕ್ಯಾನಿಕ್‌ಗಳ ರೆಸಿಡೆಂಟ್ ಕಾರ್ಡು ನವೀಕರಿಸುವುದಿಲ್ಲ. ಪರೀಕ್ಷೆಗೆ ಮೂರು ಅವಕಾಶ. ಮೂರರಲ್ಲೂ ಬಿದ್ದರೆ ಖಲಾಸ್, ಊರಿಗೆ. ಮಗಳು ಶ್ರಾವ್ಯ ದಾರ್ಸೈಟಿನ ಇಂಡಿಯನ್ ಶಾಲೆಯಲ್ಲಿ ಹನ್ನೆರಡನೇ ತರಗತಿ, ಫೆಬ್ರವರಿಯಲ್ಲಿ ಬೋರ್ಡ್ ಪರೀಕ್ಷೆ. ಅಪ್ಪನ ಕಾರ್ಡು ಹೋದರೆ ಮನೆಯವರೆಲ್ಲರದ್ದೂ ಹೋಗುತ್ತದೆ. ಕೊನೆಯ ವರ್ಷದ ನಡುವೆ ಹುಡುಗಿಯನ್ನು ಕಿತ್ತು ಇನ್ನೊಂದು ಶಾಲೆಯಲ್ಲಿ ನೆಡುವುದು ಸುಲಭವಲ್ಲ.

ಮೊದಲ ಪರೀಕ್ಷೆ ಮಾಡಿದವರು ಎಂಜಿನಿಯರ್ ಸಾಲಿಂ. ಒಮಾನಿ, ನನಗಿಂತ ಚಿಕ್ಕವರು, ಇಸ್ತ್ರಿ ಮಾಡಿದ ಬಿಳಿ ದಿಶ್‌ದಾಶ ನಿಲುವಂಗಿಯಷ್ಟೇ ನೇರ ಮನುಷ್ಯ. ಅದು ಅವರ ಮೊದಲ ವಾರ. ಪ್ಲೀಸ್ ಎನ್ನಲು ಹೋಗಿ ಅವರು ಅನ್ನುವ ‘ಬ್ಲೀಸ್’ ಅನ್ನು ನಾನು ಕಲಿತಷ್ಟೇ ಬೇಗ ಅವರು ನನ್ನ ‘ನೌ ಓನ್ಲಿ ಐ ಕೇಮ್’ ಅನ್ನು ಕಲಿತಿದ್ದರು. ನಿಜ ಹೇಳಬೇಕೆಂದರೆ ಅವರು ಮಾಡಿದ ನಾನು, ನಾನು ಮಾಡಿದ ಅವರಿಗಿಂತ ಚೆನ್ನಾಗಿತ್ತು.

ಡೆನಿಸ್ ಸರ್ ಆಗಷ್ಟೇ ಸಮಯ ಉಳಿಸುವ ಸುತ್ತೋಲೆ ಹೊರಡಿಸಿದ್ದರು: ಹೌದು ಅಥವಾ ಅಲ್ಲ ಎಂಬ ಉತ್ತರಗಳನ್ನು ಅನುವಾದಿಸಬೇಕಾಗಿಲ್ಲ, ಅದು ಯಾರಿಗಾದರೂ ತಿಳಿಯುತ್ತದೆ. ಸಂಜೀವಣ್ಣನಿಗೆ ಬಾಯಿಗೆ ಹತ್ತಿರದ್ದು ತುಳು, ಹಾಗಾಗಿ ತುಳುವಿನಲ್ಲೇ ಶುರುಮಾಡಿದೆವು. ಮೊದಲ ಪ್ರಶ್ನೆ ಸುರಕ್ಷತೆಯದ್ದು. ಯಂತ್ರ ಬಿಚ್ಚುವ ಮೊದಲು ಮೇನ್ ಸ್ವಿಚ್ ಆಫ್ ಮಾಡುತ್ತೀರಾ?

“ಅಂದ್” ಎಂದರು ಸಂಜೀವಣ್ಣ. ತುಳುವಿನಲ್ಲಿ ಅಂದ್ ಎಂದರೆ ಹೌದು.

ಸಾಲಿಂ ಪೆನ್ನು ಎತ್ತಿ ಹಿಡಿದು ಕಾದರು. ಅವರ ಕಿವಿಗೆ ಬಿದ್ದದ್ದು ಇಂಗ್ಲಿಷಿನ ‘ಆ್ಯಂಡ್’. ಮುಂದೆ ಏನೋ ಬರುತ್ತದೆಂದು ಅವರ ಎಣಿಕೆ.

“ಆ್ಯಂಡ್?” ಎಂದು ಪ್ರೋತ್ಸಾಹಿಸಿದರು.

ಸಂಜೀವಣ್ಣನ ಮುಖ ಅರಳಿತು. ಒಮಾನಿಯೊಬ್ಬರು ತುಳು ಮಾತಾಡುತ್ತಿದ್ದಾರೆ! “ಅಂದ್ ಅಂದ್!” ಎಂದರು ಉತ್ಸಾಹದಿಂದ.

“ಆ್ಯಂಡ್ ವಾಟ್?”

“ಅಂದ್!”

ಹನ್ನೆರಡು ಪ್ರಶ್ನೆಗಳು ಹೀಗೇ ನಡೆದವು. ನಾನು ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಸುತ್ತೋಲೆ ಇತ್ತೆಂದು ಎಲ್ಲರಿಗೂ ಹೇಳಿದೆ. ನಿಜ ಏನೆಂದರೆ ನನಗೆ ಅದು ತುಂಬಾ ಇಷ್ಟವಾಗಿಬಿಟ್ಟಿತ್ತು. ಆ ಶುಕ್ರವಾರ ರೂವಿಯಲ್ಲಿ ಗೆಳೆಯರ ಮನೆಯ ಊಟಕ್ಕೆ ಒಳ್ಳೆಯ ಐಟಂ ಸಿಕ್ಕಿತೆಂದು ಒಂದೊಂದು ‘ಅಂದ್’ನ ಏರಿಳಿತವನ್ನೂ ಮನಸ್ಸಿನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದೆ. ಶುಕ್ರವಾರ ಮಾಡಿಯೂ ತೋರಿಸಿದೆ. ಕೋರಿ ರೊಟ್ಟಿ ತಿನ್ನುತ್ತಿದ್ದವರು ನಗುವಿನಲ್ಲಿ ಕೆಮ್ಮಿ ನೀರು ಕುಡಿದರು.

ಭಾನುವಾರ ಫಲಿತಾಂಶ ಬಂತು: ‘ಉತ್ತರಗಳು ಅಪೂರ್ಣ. ಅನುತ್ತೀರ್ಣ.’

ಡೆನಿಸ್ ಸರ್ ಬಳಿ ಓಡಿದೆ. ಅವರು ಕನ್ನಡಕ ಮೇಲಕ್ಕೆ ಸರಿಸಿ, “ಅಪ್‌ಲೋಡ್ ಆಗಿದೆ ಪುತಾ. ಅಪ್‌ಲೋಡ್ ಆದ ಮೇಲೆ ಎಂತ ಮಾಡ್ಲಿಕ್ಕೆ ಆಗ್ತದೆ? ಇನ್ನೂ ಎರಡು ಚಾನ್ಸ್ ಉಂಟಲ್ಲ” ಎಂದರು. ಸಂಜೀವಣ್ಣನಿಗೆ ನಾನು ಹೇಗೋ ವಿಷಯ ಮುಟ್ಟಿಸಿದೆ. ಅವರು ನನ್ನನ್ನು ಬೈಯುತ್ತಾರೆಂದುಕೊಂಡಿದ್ದೆ.

“ಹೋಗ್ಲಿ ಬಿಡು ಮಾರಾಯ. ಅವರಿಗೆ ತುಳು ಬರುದಿಲ್ವಾ ಹಾಗಾದ್ರೆ? ನಾನು ಮನೆಯಲ್ಲಿ ಎಲ್ಲರಿಗೂ ಹೇಳಿದೆ” ಎಂದರು, ಅದೊಂದೇ ಬೇಸರವೆಂಬಂತೆ.

ಎರಡನೇ ಪರೀಕ್ಷೆಯ ಹೊತ್ತಿಗೆ ವಿಧಾನ ಬದಲಾಗಿತ್ತು. ಕಾಗದ ಹೋಯಿತು, ಟ್ಯಾಬ್ ಬಂತು. ಡೆನಿಸ್ ಸರ್ ಅದನ್ನು ಎಳೆಯ ಮಗುವಿನಂತೆ ಎರಡೂ ಕೈಯಲ್ಲಿ ಹಿಡಿದು ತಂದರು. “ಇದರಲ್ಲಿ ಕನ್ನಡವೂ ಉಂಟು! ಇನ್ನು ನೀನು ಸುಮ್ಮನೆ ಪಕ್ಕದಲ್ಲಿ ಕೂತ್ರೆ ಸಾಕು.” ಕನ್ನಡ ಇತ್ತು. ಯಂತ್ರವೊಂದು ಹೊಲಿದುಕೊಟ್ಟ ಕನ್ನಡ. ಅಂಗಿಗೆ ತೋಳು ಇತ್ತು, ಆದರೆ ಬೆನ್ನಿನಲ್ಲಿ.

ಮೊದಲ ಪ್ರಶ್ನೆಯನ್ನು ಸಂಜೀವಣ್ಣ ಅಕ್ಷರ ಅಕ್ಷರ ಓದಿದರು: “ಕೆಲಸ ಆರಂಭಿಸುವ ಮುನ್ನ ದೇಹವನ್ನು ಮಣ್ಣು ಮಾಡಲಾಗಿದೆಯೇ?”

ಟ್ಯಾಬನ್ನು ನಿಧಾನಕ್ಕೆ ಮೇಜಿನ ಮೇಲಿಟ್ಟು ನನ್ನ ಕಡೆ ಬಗ್ಗಿದರು. “ಯಾರದ್ದು? ಯಾರು ಸತ್ತದ್ದು?”

“ಯಾರೂ ಸಾಯಲಿಲ್ಲ ಸಂಜೀವಣ್ಣ. ಯಂತ್ರದ ಬಾಡಿಗೆ ಅರ್ಥಿಂಗ್ ಕೊಟ್ಟಿದೆಯಾ ಅಂತ.”

“ಹಾಗೆ ಕೇಳ್ಲಿಕ್ಕೆ ಎಂತ ಕಷ್ಟ ಇವರಿಗೆ? ನನಗೆ ಹೆದರಿಕೆಯೇ ಆಯ್ತು.”

ಇನ್ನೊಂದು ಪ್ರಶ್ನೆ, ‘ಶೀತಕವು ಪಲಾಯನಗೈದಲ್ಲಿ ಯಾವ ಕ್ರಮ ಜರುಗಿಸುವಿರಿ?’ ಅದಕ್ಕೆ ಅವರು, “ಪಲಾಯನ ಮಾಡಿದವರನ್ನು ವೀಸಾ ಕೊಟ್ಟ ಕಫೀಲ್ ಹುಡುಕುವುದಲ್ವಾ, ಮೆಕ್ಯಾನಿಕ್ ಎಂತ ಮಾಡುವುದು?” ಎಂದರು. ಗ್ಯಾಸ್ ಲೀಕ್ ಎಂದು ನಾನು ಹೇಳಿದ್ದೇ ತಡ, ಸೋಪಿನ ನೊರೆ ಹಚ್ಚಿ ಲೀಕ್ ಹುಡುಕುವುದರಿಂದ ಬೆಸುಗೆಯವರೆಗೆ ಒಂದೇ ಉಸಿರಿನಲ್ಲಿ ಹೇಳಿದರು. ಆದರೆ ಈಗ ಹೇಳಿದರೆ ಸಾಲದು, ಸರಿಯಾದ ಚೌಕವನ್ನು ಬೆರಳಿನಿಂದ ಒತ್ತಬೇಕು. ಸಂಜೀವಣ್ಣ ಒತ್ತಿದರು. ಏನೂ ಆಗಲಿಲ್ಲ. ಮತ್ತೆ ಒತ್ತಿದರು. ಇಪ್ಪತ್ತಾರು ವರ್ಷ ತಾಮ್ರದ ಪೈಪು ಕಾಯಿಸಿ, ಬಗ್ಗಿಸಿ, ಬೆಸೆದ ಬೆರಳು. ತುದಿಯ ಚರ್ಮ ದಪ್ಪಗೆ ಜಡ್ಡುಗಟ್ಟಿತ್ತು. ಟ್ಯಾಬಿಗೆ ಅದು ಬೆರಳೆಂದು ತಿಳಿಯಲಿಲ್ಲ. ಪಕ್ಕದ ಮೇಜಿನಲ್ಲಿ, ಮೂರು ತಿಂಗಳ ಕೋರ್ಸು ಮುಗಿಸಿ ಬಂದಿದ್ದ ಮೃದು ಬೆರಳಿನ ತರುಣ ಟಪಟಪ ಒತ್ತಿ ಎದ್ದು ಹೋದ. ಸಂಜೀವಣ್ಣ ಉಗುರು, ಗೆಣ್ಣು, ಕೊನೆಗೆ ಮೊಣಕೈಯನ್ನೂ ಪ್ರಯತ್ನಿಸಿದರು. ನಾನು ಒತ್ತಿಕೊಡಲು ಕೈ ಚಾಚಿದೆ. ನಿಯಮದ ಪ್ರಕಾರ ಕೂಡದೆಂದು ಸಾಲಿಂ ತಲೆಯಾಡಿಸಿದರು. ಸಮಯ ಮುಗಿಯಿತು. ಹೆಚ್ಚು ಕೆಲಸ ಮಾಡಿದ ಕೈಯೇ ಕೆಲಸ ಗೊತ್ತಿಲ್ಲದ ಕೈ ಎಂದು ಸಾಬೀತಾಯಿತು.

ಸಿನಿಮಾ ಆಗಿದ್ದರೆ ಆ ಹೊತ್ತಿಗೆ ನಮ್ಮ ಕೇಂದ್ರದ ಎಸಿ ಕೆಡಬೇಕು, ಸಂಜೀವಣ್ಣ ಎದ್ದು ಅದನ್ನು ರಿಪೇರಿ ಮಾಡಬೇಕು, ಎಲ್ಲರೂ ಚಪ್ಪಾಳೆ ತಟ್ಟಬೇಕು. ನಮ್ಮ ಎಸಿ ಕೆಡಲಿಲ್ಲ. ಹಿಂದಿನ ತಿಂಗಳಷ್ಟೇ ಅದನ್ನು ಸರ್ವಿಸ್ ಮಾಡಿ ಹೋದವರು ಸಂಜೀವಣ್ಣನೇ. ಅವರು ತಂಪು ಮಾಡಿಕೊಟ್ಟ ಕೋಣೆಯಲ್ಲಿ ಆರಾಮಾಗಿ ಕೂತು ನಾವು ಅವರನ್ನು ಫೇಲ್ ಮಾಡಿದೆವು.

ಮೂರನೆಯ ಪರೀಕ್ಷೆಗೆ ಮೊದಲು ನಾನು ದಾರ್ಸೈಟಿನ ಅವರ ಮನೆಗೆ ಹೋಗಿ ಕೂತು ತಯಾರಿ ಮಾಡಿಸಿದೆ. ಶ್ರಾವ್ಯ ತನ್ನ ಭೌತಶಾಸ್ತ್ರದ ಪುಸ್ತಕ ಮುಚ್ಚಿಟ್ಟು ಅಪ್ಪನಿಗೆ ಉತ್ತರಗಳ ಚೀಟಿ ಬರೆದು ಕೊಟ್ಟಿದ್ದಳು. ಅಪ್ಪ ಅದನ್ನು ಮಂತ್ರದಂತೆ ಹೇಳುತ್ತಿದ್ದರು: “ರೆಫ್ರಿಜರೇಶನ್ ಈಸ್ ದಿ ಪ್ರೋಸೆಸ್ ಆಫ್... ಆಫ್... ಎಂತದು ಮಗಾ?”

“ರಿಮೂವಿಂಗ್ ಹೀಟ್, ಪಪ್ಪಾ! ಯು ಡು ಇಟ್ ಎವೆರಿ ಡೇ!”

“ಮಾಡುದು ಬೇರೆ, ಹೇಳುದು ಬೇರೆ ಮಗಾ.”

ಮಾನವ ಬಂಡವಾಳದ ಬಗ್ಗೆ ಡೆನಿಸ್ ಸರ್ ಬಾಣ ಬಿಡಿಸಿ ಹೇಳಲಾರದ್ದನ್ನು ಸಂಜೀವಣ್ಣ ನಾಲ್ಕು ಪದದಲ್ಲಿ ಹೇಳಿದರು. ಅವರ ಹೆಂಡತಿ ಚಹಾ ತಂದು ಕೊಟ್ಟರು. ಗೋಡೆಯ ಮೇಲೆ ಅಂಟಿಸಿದ್ದ ಮಗಳ ಪರೀಕ್ಷೆಯ ವೇಳಾಪಟ್ಟಿಯ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದರು. ನಾನು ಅಂದು ಯಾರನ್ನೂ ಅಣಕಿಸಲಿಲ್ಲ.

ಮೂರನೆಯ ಸಲ ಟ್ಯಾಬಿನ ಜೊತೆಗೆ ಒತ್ತಲು ಒಂದು ಪೆನ್ನು ಕೊಟ್ಟರು. ಅದೊಂದು ಸುಧಾರಣೆ. ಲಿಖಿತ ಭಾಗ ದಾಟಿತು. ಉಳಿದದ್ದು ಕೊನೆಯ ಭಾಗ. ಪ್ರಾಯೋಗಿಕ ಪರೀಕ್ಷೆಯ ಯಂತ್ರ ಬಂದರಿನಲ್ಲಿ ಯಾವುದೋ ಕಾಗದಕ್ಕಾಗಿ ಕಾಯುತ್ತಿತ್ತು. ಅದರ ಬದಲಿಗೆ ಟ್ಯಾಬಿನಲ್ಲೇ ಐದು ಸದ್ದುಗಳು. ಸದ್ದು ಕೇಳಿ ಯಂತ್ರದ ದೋಷ ಹೇಳಬೇಕು. ಐದಕ್ಕೆ ಐದೂ ಸರಿಯಾದರೆ ಮಾತ್ರ ಪಾಸು.

ಸಾಲಿಂ ಗುಂಡಿ ಒತ್ತಿದರು. ಸದ್ದಿಲ್ಲ. ಟ್ಯಾಬಿನ ಸ್ಪೀಕರ್ ಸತ್ತಿತ್ತು. ಪರದೆಯ ಮೇಲೆ ಪ್ರತಿ ಸದ್ದಿನ ಕೆಳಗೂ ಒಂದು ಸಾಲಿನ ವಿವರಣೆ ಮಾತ್ರ. ಪರೀಕ್ಷೆ ಮುಂದೂಡಿದರೆ ಸಂಜೀವಣ್ಣನ ಕಾರ್ಡಿನ ಗಡುವು ದಾಟುತ್ತದೆಂದು ಮೂವರಿಗೂ ಗೊತ್ತಿತ್ತು. ಸಾಲಿಂ ನಿಯಮದ ಪುಸ್ತಕ ತಿರುವಿ ನೋಡಿ, “ಪರದೆಯ ಮೇಲಿರುವುದನ್ನು ಅನುವಾದಕ ಅಭ್ಯರ್ಥಿಗೆ ತಿಳಿಯುವಂತೆ ದಾಟಿಸಬಹುದು ಎಂದಿದೆ. ಯಲ್ಲಾ ಯತೀಶ್, ದಾಟಿಸು” ಎಂದರು.

ಮೊದಲ ಸದ್ದು: ‘ಗುನುಗುವಿಕೆ, ತದನಂತರ ಚಿಟಿಕೆ.’ ಇದನ್ನು ಓದಿ ಹೇಳಿದರೆ ಸಂಜೀವಣ್ಣ ಯಾರೋ ಹಾಡುತ್ತಿದ್ದಾರೆ ಎನ್ನುತ್ತಾರೆ. ಸದ್ದಿಗೆ ಅನುವಾದ ಸದ್ದೇ ತಾನೆ? ಮಸ್ಕತ್ತಿನಲ್ಲಿ ನಾನು ಬಾಡಿಗೆಗಿದ್ದ ಮನೆಗಳೆಷ್ಟೋ ಅಷ್ಟು ಎಸಿಗಳ ನರಳಾಟ ನನ್ನ ಗಂಟಲಿನಲ್ಲಿತ್ತು. “ಹೂಂಂಂಂ... ಟಕ್” ಎಂದೆ.

“ಕೆಪಾಸಿಟರ್ ಹೋಗಿದೆ. ಕಂಪ್ರೆಸರ್ ಎದ್ದೇಳ್ಲಿಕ್ಕೆ ನೋಡ್ತದೆ, ಆಗುದಿಲ್ಲ” ಎಂದರು ಸಂಜೀವಣ್ಣ, ಕಣ್ಣು ಮುಚ್ಚಿಕೊಂಡೇ. ಸರಿ. ಎರಡು, ಮೂರು, ನಾಲ್ಕು, ಎಲ್ಲವೂ ಸರಿ. ಸಾಲಿಂ ಮುಂದಕ್ಕೆ ಬಗ್ಗಿ ಕೂತಿದ್ದರು. ಅಕ್ಕಪಕ್ಕದ ಕೋಣೆಯವರು ಬಾಗಿಲಲ್ಲಿ ಇಣುಕಿದರು. ಪ್ರೇಕ್ಷಕರನ್ನು ಕಂಡರೆ ನನಗೆ ಏನಾಗುತ್ತದೆಂದು ನೀವು ಇಷ್ಟರಲ್ಲಿ ತಿಳಿದಿರಬಹುದು.

ಐದನೆಯದ್ದು: ‘ಸತತವಾದ ಗರಗರ ಸದ್ದು.’ ನಾನು “ಗರ್ರ್‌ರ್” ಎಂದು ಶುರುಮಾಡಿ, ಬರೀ ಗರ್ ಸಪ್ಪೆಯಾಯಿತೆಂದು ನಡುನಡುವೆ ನಾಲಿಗೆಯಿಂದ ಒಂದೊಂದು ‘ಟಕ್’ ಸೇರಿಸಿದೆ. ಗರ್ರ್ ಟಕ್, ಗರ್ರ್ ಟಕ್. ಬಾಗಿಲಲ್ಲಿದ್ದವರು ನಕ್ಕರು. ನನಗೂ ಖುಷಿಯಾಯಿತು.

“ಫ್ಯಾನಿನ ಬ್ಲೇಡ್ ಬೆಂಡಾಗಿ ಬಾಡಿಗೆ ತಾಗ್ತದೆ” ಎಂದರು ಸಂಜೀವಣ್ಣ.

ಪರದೆಯಲ್ಲಿದ್ದ ಸರಿಯುತ್ತರ: ಸವೆದ ಬೇರಿಂಗ್.

ಸಾಲಿಂ ನಿಟ್ಟುಸಿರಿಟ್ಟು ಹಿಂದಕ್ಕೆ ಒರಗಿದರು. ಅವರ ಕೈಯಲ್ಲಿ ವಾಲಿದ ಟ್ಯಾಬಿನಲ್ಲಿ ಆ ಉತ್ತರ ನನಗೂ ಕಂಡಿತು. ತುಳುವಿನಲ್ಲಿ, ತುಟಿ ಹೆಚ್ಚು ಅಲುಗಾಡಿಸದೆ, “ಸಂಜೀವಣ್ಣ, ಬೇರಿಂಗ್ ಅಂತ ಹೇಳಿ. ಈಗಲೇ ಬದಲಿಸಿ” ಎಂದೆ.

“ಎಂತಕ್ಕೆ?” ಎಂದು ಅವರು ಗಟ್ಟಿಯಾಗಿಯೇ ಕೇಳಿದರು. “ನೀನು ಮಾಡಿದ್ದು ಬೇರಿಂಗ್ ಅಲ್ಲ ಮಾರಾಯ. ಬೇರಿಂಗಿಗೆ ಎಡೆಯಲ್ಲಿ ಟಕ್ ಎಲ್ಲಿಂದ ಬರ್ತದೆ? ಬೇರಿಂಗ್ ಹೀಗೆ.” ಅವರು ಗಂಟಲಿನ ಆಳದಿಂದ ಒಂದು ಸದ್ದು ತೆಗೆದರು. ಅಲಂಕಾರವಿಲ್ಲದ, ಏಕದನಿಯ, ಹಲ್ಲು ಜುಮ್ಮೆನ್ನುವ ಗರಗರ. ಬಾಗಿಲಲ್ಲಿದ್ದವರು ನಗಲಿಲ್ಲ. ಅದು ಮಿಮಿಕ್ರಿ ಆಗಿರಲಿಲ್ಲ, ಯಂತ್ರವೇ ಆಗಿತ್ತು.

“ಅವರೇನು ಹೇಳುತ್ತಿದ್ದಾರೆ?” ಎಂದು ಸಾಲಿಂ ಕೇಳಿದರು.

ಇಲ್ಲಿ ನಾನು ಸುಮ್ಮನಿರಬಹುದಿತ್ತು. ಮೊದಲ ಸಲ ಸುಮ್ಮನಿದ್ದು ಅಭ್ಯಾಸವೂ ಇತ್ತು. ಪ್ರಶ್ನೆಗೆ ಅನುವಾದಕ ತನ್ನದೇನನ್ನೂ ಸೇರಿಸಕೂಡದು ಎಂಬುದು ನಮ್ಮ ಕೆಲಸದ ಮೊದಲ ನಿಯಮ. ಸೇರಿಸಿದ್ದೇನೆಂದು ಒಪ್ಪಿಕೊಂಡರೆ ಅದು ದಾಖಲೆಯಾಗುತ್ತದೆ.

“ಸರ್, ನಾನು ಮಾಡಿದ ಸದ್ದು ತಪ್ಪು ಎಂದು ಹೇಳುತ್ತಿದ್ದಾರೆ. ಪರದೆಯಲ್ಲಿ ಇಲ್ಲದ ಟಕ್ ಅನ್ನು ನಾನು ಸೇರಿಸಿದೆ. ಆ ಟಕ್‌ಗೆ ಅವರ ಉತ್ತರ ಸರಿ. ಟಕ್ ಇಲ್ಲದಿದ್ದರೆ ಅದು ಬೇರಿಂಗ್, ಅದರ ಸದ್ದು ಹೀಗಿರುತ್ತದೆಂದು ಅವರೇ ಮಾಡಿ ತೋರಿಸಿದರು. ಇನ್ನೊಂದು ವಿಷಯ, ಸರ್. ಮೊದಲ ಪರೀಕ್ಷೆಯಲ್ಲಿ ಅಂದ್ ಎಂದರೆ ಹೌದು. ಹನ್ನೆರಡೂ ಹೌದು.”

ಸಾಲಿಂ ಟ್ಯಾಬನ್ನು ಮೇಜಿನ ಮೇಲಿಟ್ಟು ಪೆನ್ನು ಎತ್ತಿಕೊಂಡರು. ಪರೀಕ್ಷಕರು ಉತ್ತರ ತಿದ್ದಬೇಕಾದರೆ ಟ್ಯಾಬು ಕಾರಣ ಕೇಳುತ್ತದೆ. ಅವರು ಒಂದೊಂದೇ ಅಕ್ಷರ ಒತ್ತಿ ಬರೆದರು: ‘ಅನುವಾದಕನ ತಪ್ಪನ್ನು ಅಭ್ಯರ್ಥಿ ತಿದ್ದಿದ್ದಾರೆ. ಉತ್ತೀರ್ಣ.’ ಬರೆದು ಮುಗಿಸಿ, ನನ್ನದೇ ದನಿಯಲ್ಲಿ, “ಸಾರಿ, ಯತೀಶ್. ಟ್ರೂತ್ ಓನ್ಲಿ ಐ ರೋಟ್” ಎಂದರು.

ಆ ಸಾಲನ್ನು ಮೇಲಿನವರು ಓದಿದರು. ಅನುವಾದಕ ತಪ್ಪು ಮಾಡುತ್ತಾನೆ, ಟ್ಯಾಬಿನಲ್ಲಿ ಕನ್ನಡ ಹೇಗೂ ಇದೆ ಎಂದು ತೀರ್ಮಾನಿಸಿದರು. ಸಮೋಸದ ವಿಷಯ ಆಗಲೇ ಹೇಳಿದ್ದೇನೆ. ಇನ್ನು ಆ ಕುರ್ಚಿಗೆ ಬರುವವರು ಟ್ಯಾಬಿನ ಪಕ್ಕದಲ್ಲಿ ಸುಮ್ಮನೆ ಕೂರಬೇಕಾಗುತ್ತದೆ. ಕೂರಬೇಡಿ. ಹೊಸ ಕೆಲಸ ಸಿಕ್ಕುವವರೆಗೆ ನಾನು ಒಬ್ಬ ಅನುಭವಸ್ಥ ನಿವೃತ್ತ, ಬುದ್ಧಿವಾದ ಹೇಳಲು ಸಂಪೂರ್ಣ ಅರ್ಹ.

ಸಂಜೀವಣ್ಣನ ಪ್ರಮಾಣಪತ್ರ ಮುಂದಿನ ವಾರ ಬಂತು. ನನ್ನನ್ನು ಊಟಕ್ಕೆ ಕರೆದರು. ಬಂಗುಡೆ ಗಸಿ, ಕುಚ್ಚಲಕ್ಕಿ ಅನ್ನ. ಊಟ ಮುಗಿದ ಮೇಲೆ ಶ್ರಾವ್ಯ ಕೈ ಒರೆಸಿಕೊಂಡು ಪತ್ರವನ್ನು ದೀಪದ ಕೆಳಗೆ ಹಿಡಿದು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದಿದಳು. ಕೊನೆಗೆ, “ಪಪ್ಪಾ, ನೀವು ಕಾಂಪಿಟೆಂಟ್ ಅಂತೆ” ಎಂದಳು.

“ಅಂದ್ರೆ ಒಳ್ಳೇದಾ?”

“ನಿಮಗೆ ಕೆಲಸ ಬರ್ತದೆ ಅಂತ” ಎಂದೆ ನಾನು.

“ಅದು ನನಗೆ ಗೊತ್ತುಂಟು. ಯಾವಾಗಿನಿಂದ ಅಂತ ಬರ್ದಿದ್ದಾರೆ?”

ಶ್ರಾವ್ಯ ಮೊಹರಿನ ಕೆಳಗಿನ ಸಾಲನ್ನು ಹುಡುಕಿದಳು. “ಕಳೆದ ಮಂಗಳವಾರದಿಂದ.”

ಸಂಜೀವಣ್ಣ ಬೆರಳು ಮಡಿಸಿ ಲೆಕ್ಕ ಹಾಕಿದರು. “ಅದರ ಹಿಂದಿನ ದಿನ ಸೋಮವಾರ ನಾನು ಖಸಬ್‌ನಲ್ಲಿದ್ದೆ. ಮೀನಿನ ಕೋಲ್ಡ್ ಸ್ಟೋರಿನ ಕಂಪ್ರೆಸರ್ ಪೂರಾ ಬಿಚ್ಚಿ ಕಟ್ಟಿದ್ದು. ಹಾಗಾದ್ರೆ ಅದನ್ನು ಮಾಡಿದ್ದು ಯಾರು?”

“ಸಮ್ ಅನ್‌ಸ್ಕಿಲ್ಡ್ ಲೇಬರ್, ಪಪ್ಪಾ” ಎಂದು ಅವಳು ನಕ್ಕಳು.

ಸಂಜೀವಣ್ಣ ಪತ್ರವನ್ನು ಅವಳ ಕೈಯಿಂದ ತೆಗೆದುಕೊಂಡು, ಜಡ್ಡುಗಟ್ಟಿದ ಬೆರಳಿನಿಂದ ಅದರ ಅಂಚನ್ನು ಸವರಿದರು.

“ಪಾಪದವ” ಎಂದರು. “ಕೆಲಸ ಮಾತ್ರ ಚಂದ ಮಾಡಿದ್ದ.”